ಚಹಾದಂಗಡಿಯಲ್ಲೇ ಕೆಲಸ ತೀರ್ಮಾನವಾದರೆ?

ಪ್ರಶ್ನೆ: ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಮ್ಮದು ಬಿಡಿಭಾಗಗಳ ಸಣ್ಣ ಕಾರ್ಖಾನೆ. ಆಫೀಸು, ಶೆಡ್ಡು ಸೇರಿ 18 ಜನ. ಗಂಡಸರು ಚಹಾಕ್ಕೆ ಹೊರಗೆ ಹೋದಾಗ ಅರ್ಧ ಕೆಲಸ ಅಲ್ಲೇ ತೀರ್ಮಾನ ಆಗಿಬಿಡುತ್ತದೆ. ಮೂವರು ಹೆಣ್ಣುಮಕ್ಕಳು, ಕಿವಿ ಮಂದ ಇರುವ ಸ್ಟೋರಿನ ಹುಡುಗ ಒಳಗೇ ಉಳಿಯುತ್ತಾರೆ. ಟ್ರೇನಿಂಗು ಅಂತ ಖರ್ಚು ಮಾಡುವ ಶಕ್ತಿ ನಮಗಿಲ್ಲ. ಏನು ಮಾಡಬಹುದು?
– ಮ್ಯಾನೇಜರ್, ಹುಬ್ಬಳ್ಳಿ

ಉತ್ತರ: ಚಹಾ ನಿಲ್ಲಿಸಬೇಡಿ. ನಿಲ್ಲಿಸಿದರೆ ಸಿಟ್ಟೆಲ್ಲ ಆ ನಾಲ್ವರ ಮೇಲೇ ತಿರುಗುತ್ತದೆ. ಒಂದೇ ಕಟ್ಟಳೆ ಮಾಡಿ: ಹೊರಗೆ ಏನೇ ಮಾತಾಡಲಿ, ಒಳಗೆ ಬಂದು ಎಲ್ಲರೆದುರು ಹೇಳುವವರೆಗೆ ಅದು ತೀರ್ಮಾನ ಅಲ್ಲ. ಆಮೇಲೆ ವಾಟ್ಸ್‌ಆ್ಯಪ್ ಗ್ರೂಪಿಗೆ ಎರಡು ಸಾಲು ಹಾಕಿ. ಯಾವ ಮಾಲು, ಎಷ್ಟು, ಯಾವತ್ತಿಗೆ, ಯಾರು ನೋಡಿಕೊಳ್ಳಬೇಕು, ಇಷ್ಟೇ. ವಾಯ್ಸ್ ಮೆಸೇಜ್ ಮಾತ್ರ ಬೇಡ, ಸ್ಟೋರಿನ ಹುಡುಗನಿಗೆ ಅದು ಇದ್ದೂ ಇಲ್ಲದಂತೆ. ಮೊದಲು ನೀವೇ ಇದಕ್ಕೆ ಬದ್ಧರಾಗಬೇಕು. ಮ್ಯಾನೇಜರೇ ಅಂಗಡಿ ಮುಂದೆ ನಿಂತು ‘ಆತು, ಮಾಡ್ರಿ’ ಅಂದರೆ ಕತೆ ಮುಗೀತು.

ಆಗಾಗ ಚಹಾ ಒಳಗೇ ತರಿಸಿ, ಜೊತೆಗೆ ಗಿರ್ಮಿಟ್ಟೂ ಇರಲಿ. ಕಪ್ಪು ಹಂಚೋದು, ತೊಳೆಯೋದು ಹೆಣ್ಣುಮಕ್ಕಳ ತಲೆಗೆ ಬರಬಾರದು. ಆಯುಧಪೂಜೆಗೆ ಅವರಿಂದ ರಂಗೋಲಿ ಹಾಕಿಸಿ, ಪೂಜೆ ಹೊತ್ತಿಗೆ ಹಿಂದೆ ನಿಲ್ಲಿಸೋದನ್ನು ನಮ್ಮ ಕಡೆ ಬಹಳ ನೋಡಿದ್ದೇನೆ. ಸಂಜೆ ಮೀಟಿಂಗ್ ಇದ್ದರೆ ಬೆಳಿಗ್ಗೆಗೆ ತನ್ನಿ. ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಮರಳುವವರಿಗೂ ಅನುಕೂಲ.

ಸ್ಟೋರಿನ ಹುಡುಗನ ವಿಷಯ ಸ್ವಲ್ಪ ಬೇರೆ. ಜೋರಾಗಿ ಕೂಗಿದರೆ ಕೇಳುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕೂಗಿದರೆ ತುಟಿಯ ಆಕಾರವೇ ಕೆಡುತ್ತದೆ. ಕಿವಿಗೆ ಮಷಿನ್ ಹಾಕಿದ್ದರೂ ಅದು ಲೇಥಿನ ಸದ್ದನ್ನೂ ಜೊತೆಗೇ ಜಾಸ್ತಿ ಮಾಡುತ್ತದೆ. ತುಟಿ ನೋಡಿ ತಿಳಿಯುವವರಿಗೆ ಪ, ಬ, ಮ ಮೂರೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ನೀವು ಹೇಳಿದ್ದು ‘ಮಾಲು’ ಅಂತಲೋ ‘ಪಾಲು’ ಅಂತಲೋ, ಆತ ಊಹಿಸಬೇಕು. ಲೇಥಿನ ಸದ್ದಿನಿಂದ ದೂರ ಕರೆದು, ನಿಮ್ಮ ಮುಖದ ಮೇಲೆ ಬೆಳಕು ಬೀಳುವ ಹಾಗೆ ನಿಂತು, ಸಹಜವಾಗಿ ಮಾತಾಡಿ. ಬಾಯಲ್ಲಿ ಎಲೆ-ಅಡಿಕೆ, ಗುಟ್ಕಾ ಇರಬಾರದು (ಇದು ಎಲ್ಲರಿಗೂ ಒಳ್ಳೇದು, ಬಿಡಿ). ಲೆಕ್ಕ, ಅಳತೆ ಇದ್ದರೆ ಬರೆದೇ ಕೊಡಿ. ಇನ್ನೇನು ಬೇಕು ಅಂತ ಪಕ್ಕದವರನ್ನಲ್ಲ, ಆತನನ್ನೇ ಕೇಳಿ.

ಜಾತಿ, ಊರು, ಕುಂದು ಹಿಡಿದು ಅಡ್ಡಹೆಸರು ಇಡೋದು ನಿಮ್ಮಲ್ಲೂ ಇರಬಹುದು. ಕಿವಿಗೆ ಬಿದ್ದ ಮೊದಲ ಸಲವೇ ತಡೆಯಿರಿ.

ಒಂದು ವಿಷಯ ಮಾತ್ರ ಹೀಗೆ ಬಾಯಿಮಾತಲ್ಲಿ ಮುಗಿಯೋದಿಲ್ಲ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ನೋಡಲು ಆಂತರಿಕ ಸಮಿತಿ ಇರಲೇಬೇಕು. ಇದು 2013ರ ಕಾಯ್ದೆ. ಅಧ್ಯಕ್ಷತೆ ಹಿರಿಯ ಮಹಿಳಾ ಉದ್ಯೋಗಿಗೆ, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು, ಹೊರಗಿನವರೊಬ್ಬರು. ನಿಮ್ಮಲ್ಲಿ ಇನ್ನೂ ಆಗಿಲ್ಲದಿದ್ದರೆ ಮಾಲೀಕರಿಗೆ ಇವತ್ತೇ ಹೇಳಿ.