ಚೇಳಿನ ವಿಷಕ್ಕೆ ಲಸಿಕೆ ಏಕಿಲ್ಲ?

ಪ್ರಶ್ನೆ: ಧನುರ್ವಾಯುವಿನ ಲಸಿಕೆಯೂ ಒಂದು ವಿಷದ ವಿರುದ್ಧವೇ ಕೊಡುವಂಥದ್ದು ಎಂದು ಓದಿದ್ದೇನೆ. ಹಾಗಿದ್ದರೆ ಹೊಲದಲ್ಲಿ ದುಡಿಯುವವರಿಗೂ ಅವರ ಮಕ್ಕಳಿಗೂ ಚೇಳಿನ ವಿಷದ ವಿರುದ್ಧ ಲಸಿಕೆ ಏಕೆ ಬಂದಿಲ್ಲ? ನಮ್ಮ ಜಿಲ್ಲೆಯ ಕಂದಕೂರಿನ ಬೆಟ್ಟದಲ್ಲಿ ನಾಗರ ಪಂಚಮಿಯಂದು ಜನ ಚೇಳುಗಳನ್ನು ಮೈಮೇಲೆ ಬಿಟ್ಟುಕೊಳ್ಳುತ್ತಾರೆ. ಪದೇಪದೇ ಕಡಿಸಿಕೊಂಡವರಿಗೆ ವಿಷ ಏರುವುದಿಲ್ಲ ಎಂಬ ಮಾತು ನಿಜವೇ?
— ಓದುಗರೊಬ್ಬರು, ಯಾದಗಿರಿ

ಉತ್ತರ: ತಮ್ಮ ಹೋಲಿಕೆ ಸರಿಯಾಗಿಯೇ ಇದೆ. ಧನುರ್ವಾಯುವಿನ ರೋಗಾಣು ಸ್ರವಿಸುವ ವಿಷವನ್ನು ಫಾರ್ಮಲಿನ್‌ನಿಂದ ನಿರ್ವಿಷಗೊಳಿಸಿ ಆ ಲಸಿಕೆಯನ್ನು ತಯಾರಿಸುತ್ತಾರೆ. ಆದರೆ ಎರಡು ವಿಷಗಳ ಸ್ವಭಾವ ಬೇರೆ. ಧನುರ್ವಾಯುವಿನ ವಿಷ ಜಗತ್ತಿನಲ್ಲೆಲ್ಲ ಒಂದೇ. ಅದು ದೊಡ್ಡ ಪ್ರೋಟೀನ್ ಆದ್ದರಿಂದ ದೇಹದ ರಕ್ಷಣಾ ವ್ಯವಸ್ಥೆ ಅದನ್ನು ಸುಲಭವಾಗಿ ಗುರುತಿಸುತ್ತದೆ. ಗಾಯದಲ್ಲಿ ಅದು ದಿನಗಟ್ಟಲೆ, ಅತ್ಯಲ್ಪ ಪ್ರಮಾಣದಲ್ಲಿ ಉತ್ಪತ್ತಿಯಾಗುವುದರಿಂದ ರಕ್ತದಲ್ಲಿರುವ ಸ್ವಲ್ಪ ಪ್ರತಿಕಾಯವೇ (ವಿಷಕ್ಕೆ ಅಂಟಿಕೊಂಡು ಅದನ್ನು ತಡೆಯಲು ದೇಹ ತಯಾರಿಸುವ ಪ್ರೋಟೀನ್) ಅದಕ್ಕೆ ಸಾಕಾಗುತ್ತದೆ. ಚೇಳಿನ ವಿಷವಾದರೋ ಹಲವು ಪ್ರೋಟೀನುಗಳ ಮಿಶ್ರಣ, ಒಂದೊಂದು ಜಾತಿಗೂ ಬೇರೆ ಬೇರೆ. ಅದರಲ್ಲಿ ನರಗಳನ್ನು ಕೆಡಿಸುವ ಮುಖ್ಯ ವಿಷ ಪ್ರೋಟೀನುಗಳು ಕೇವಲ 60–70 ಅಮೈನೋ ಆಮ್ಲಗಳ (ಪ್ರೋಟೀನನ್ನು ಕಟ್ಟುವ ಘಟಕಗಳ) ಪುಟ್ಟ ಸರಪಳಿಗಳಾಗಿರುವುದರಿಂದ ಅವುಗಳ ವಿರುದ್ಧ ಬಲವಾದ ಪ್ರತಿಕಾಯ ಹುಟ್ಟುವುದೇ ಕಷ್ಟ. ಎಲ್ಲಕ್ಕಿಂತ ದೊಡ್ಡ ತೊಡಕು ಸಮಯದ್ದು. ಲಸಿಕೆಯ ನೆನಪನ್ನು ಹೊತ್ತ ಜೀವಕೋಶಗಳು ಎಚ್ಚೆತ್ತು ಪ್ರತಿಕಾಯವನ್ನು ಹೊಸದಾಗಿ ತಯಾರಿಸಲು ಕೆಲವು ದಿನಗಳಾದರೂ ಬೇಕು. ಚೇಳಿನ ವಿಷ ನಿಮಿಷಗಳಲ್ಲಿ ಕೆಲಸ ಆರಂಭಿಸುತ್ತದೆ. ಆದ್ದರಿಂದ ಕಡಿತದ ಕ್ಷಣದಲ್ಲೇ ರಕ್ತದಲ್ಲಿ ಸಾಕಷ್ಟು ಪ್ರತಿಕಾಯ ಸಿದ್ಧವಾಗಿರಬೇಕು. ಎಂದೋ ಒಮ್ಮೆ ಕಡಿಯಬಹುದಾದ ಚೇಳಿಗಾಗಿ ವರ್ಷಾನುಗಟ್ಟಲೆ ಮತ್ತೆ ಮತ್ತೆ ಚುಚ್ಚಿಸಿಕೊಳ್ಳಿ ಎಂದು ಆರೋಗ್ಯವಂತ ಮಗುವಿನ ತಾಯಿಗೆ ಹೇಳುವುದು ಸುಲಭವಲ್ಲ. ಹೇಳುವುದು ನ್ಯಾಯವೂ ಅಲ್ಲವೆಂದು ನನಗನಿಸುತ್ತದೆ.

ಪ್ರಯತ್ನಗಳಂತೂ ನಡೆದಿವೆ. ಉತ್ತರ ಆಫ್ರಿಕದ ಚೇಳೊಂದರ ವಿಷ ಪ್ರೋಟೀನನ್ನು ಬಿಗಿಯಾಗಿ ಮಡಿಚಿ ಹಿಡಿದಿರುವ ಗಂಧಕದ ಬಂಧಗಳಿಲ್ಲದಂತೆ ಅದರ ಪ್ರತಿರೂಪವನ್ನು ಪ್ರಯೋಗಾಲಯದಲ್ಲಿ ಕಟ್ಟಿದಾಗ, ಅದು ವಿಷವಾಗಿ ಉಳಿಯಲಿಲ್ಲ, ಆದರೂ ಇಲಿಗಳಲ್ಲಿ ರಕ್ಷಣೆಯನ್ನು ಹುಟ್ಟಿಸಿತು. ಬ್ರೆಜಿಲಿನ ಹಳದಿ ಚೇಳಿನ ವಿಷದಲ್ಲಿ ವಿಜ್ಞಾನಿಗಳಿಗೆ ಸ್ವಭಾವತಃ ನಿರಪಾಯಕಾರಿಯಾದ ಪ್ರೋಟೀನ್ ಒಂದು ದೊರೆಯಿತು. ಅದರಿಂದ ಹುಟ್ಟಿದ ಪ್ರತಿಕಾಯ ಅಸಲಿ ವಿಷವನ್ನೂ ತಡೆಯುತ್ತದೆ. ಇಂಥ ಸಂಶೋಧನೆಗಳ ಫಲ ಮನುಷ್ಯರಿಗಿಂತ ಮೊದಲು ಸಲ್ಲಬೇಕಾದದ್ದು ಕುದುರೆಗಳಿಗೆ ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಮುಂಬಯಿಯ ಹಾಫ್‌ಕಿನ್‌ನಂಥ ಸಂಸ್ಥೆಗಳು ಚೇಳು ಕಡಿದವರಿಗೆ ಕೊಡಲೆಂದು ತಯಾರಿಸುವ ಪ್ರತಿವಿಷಕ್ಕಾಗಿ ಕುದುರೆಗಳಿಗೆ ವಿಷವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಚುಚ್ಚಿ, ಬಳಿಕ ಅವುಗಳ ರಕ್ತದಿಂದ ಪ್ರತಿಕಾಯವನ್ನು ಬೇರ್ಪಡಿಸುತ್ತಾರೆ. ಅಸಲಿ ವಿಷದ ಬದಲು ನಿರ್ವಿಷ ಪ್ರೋಟೀನ್ ಬಳಸಿದರೆ ಪ್ರಾಣಿಗೆ ಹಿಂಸೆಯೂ ತಪ್ಪುತ್ತದೆ, ಸಾವಿರಾರು ಚೇಳು ಹಿಡಿದು ವಿಷ ತೆಗೆಯುವ ಶ್ರಮವೂ ಉಳಿಯುತ್ತದೆ.

ಕಂದಕೂರಿನ ವಿಷಯಕ್ಕೆ ಬರೋಣ. ಮೆಲ್ಲಗೆ ಹಿಡಿದ ಚೇಳು ಪ್ರತಿ ಬಾರಿಯೂ ಕುಟುಕುವುದಿಲ್ಲ. ಕುಟುಕಿದರೂ ಪ್ರತಿ ಬಾರಿ ಪೂರ್ತಿ ವಿಷ ಸುರಿಯುವುದಿಲ್ಲ. ಹಿಂದೆ ಕಡಿಸಿಕೊಂಡದ್ದರಿಂದ ನಂಬಬಹುದಾದ ರಕ್ಷಣೆ ಬರುತ್ತದೆ ಎನ್ನಲಾಗದು. ಧನುರ್ವಾಯುವಿನಿಂದ ಬದುಕಿ ಉಳಿದವರಿಗೂ ಮತ್ತೆ ಲಸಿಕೆ ಹಾಕಲೇಬೇಕಾಗುತ್ತದೆ ಎಂಬುದನ್ನು ಇಲ್ಲಿ ನೆನೆಯಬಹುದು: ಪ್ರಾಣ ತೆಗೆಯಲು ಸಾಕಾಗುವಷ್ಟು ವಿಷ, ಪ್ರತಿಕಾಯ ಹುಟ್ಟಿಸಲು ಸಾಕಾಗುವುದಿಲ್ಲ.

ಪ್ರಶ್ನೆ: ಲಸಿಕೆ ಇಲ್ಲವೆಂದ ಮೇಲೆ ಚೇಳು ಕಡಿದಾಗ ಅಪಾಯವನ್ನು ಗುರುತಿಸುವುದು ಹೇಗೆ? ಚಿಕಿತ್ಸೆ ಏನು?
— ಗೃಹಿಣಿಯೊಬ್ಬರು, ರಾಯಚೂರು

ಉತ್ತರ: ದಪ್ಪ ಇಕ್ಕಳಗಳ ದೊಡ್ಡ ಕರಿ ಚೇಳಿಗಿಂತ ತೆಳು ಇಕ್ಕಳಗಳ ಸಣ್ಣ ಕೆಂಪು ಚೇಳು ಹೆಚ್ಚು ಅಪಾಯಕಾರಿ. ನೋವು ಹೆಚ್ಚಾದಷ್ಟೂ ಅಪಾಯ ಹೆಚ್ಚು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕಡಿದ ಜಾಗದಲ್ಲಿ ತಡೆಯಲಾರದ ಉರಿಯಿದ್ದು ಬೇರೇನೂ ಇಲ್ಲದವರು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾರೆ. ನೋವು ಕಡಿಮೆಯಿದ್ದು ವಾಂತಿ, ಮೈಯೆಲ್ಲ ಬೆವರು, ತಣ್ಣಗಾದ ಕೈಕಾಲುಗಳು ಕಂಡರೆ, ಅದರಲ್ಲೂ ಮಕ್ಕಳಲ್ಲಿ ಕಂಡರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ವಿಷವು ನರಗಳನ್ನು ಕೆರಳಿಸಿ ಅಡ್ರಿನಲಿನ್‌ನಂಥ ರಸಗಳನ್ನು ಒಮ್ಮೆಗೇ ಹರಿಯಬಿಡುವುದರಿಂದ ಹೃದಯ ಬಳಲಿ, ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುತ್ತದೆ. ಸಾವು ಬರುವುದು ಹೀಗೆ.

ಇದಕ್ಕೆ ಮದ್ದು ತೋರಿಸಿಕೊಟ್ಟವರು ಮಹಾರಾಷ್ಟ್ರದ ಮಹಾಡ್ ಎಂಬ ಊರಿನ ವೈದ್ಯ ಡಾ. ಹಿಮ್ಮತರಾವ್ ಬಾವಸ್ಕರ್. ರಕ್ತದೊತ್ತಡಕ್ಕೆ ಕೊಡುತ್ತಿದ್ದ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆ ಈ ಬಿರುಗಾಳಿಯನ್ನು ತಗ್ಗಿಸುತ್ತದೆ ಎಂದು ಅವರು 1980ರ ದಶಕದಲ್ಲಿ ತೋರಿಸಿದ ಮೇಲೆ, ನೂರಕ್ಕೆ ಮೂವತ್ತರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ತೀರಾ ಕೆಳಗಿಳಿಯಿತು. 2011ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 70 ರೋಗಿಗಳಿದ್ದರು. ಪ್ರಾಜೋಸಿನ್ ಜೊತೆಗೆ ಪ್ರತಿವಿಷವನ್ನೂ ಪಡೆದ 35 ಮಂದಿಯಲ್ಲಿ 32 ಮಂದಿ ಹತ್ತು ಗಂಟೆಗಳೊಳಗೆ ಪೂರ್ಣ ಚೇತರಿಸಿಕೊಂಡರೆ, ಪ್ರಾಜೋಸಿನ್ ಮಾತ್ರ ಪಡೆದ 35 ಮಂದಿಯಲ್ಲಿ ಅಷ್ಟರೊಳಗೆ ಹಾಗೆ ಚೇತರಿಸಿಕೊಂಡವರು 8 ಮಂದಿ. ಆದರೆ ಪ್ರತಿವಿಷ ಎಲ್ಲ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ, ಮಾತ್ರೆ ಸಿಗುತ್ತದೆ. ಮಾತ್ರೆಯನ್ನು ವೈದ್ಯರೇ ತೂಕ ನೋಡಿ ಕೊಡಬೇಕು. ಮೊದಲ ಸಲ ಕೊಟ್ಟಾಗ ರಕ್ತದೊತ್ತಡ ತಟ್ಟನೆ ಇಳಿಯಬಹುದಾದ್ದರಿಂದ ಮಗುವನ್ನು ಎತ್ತಿ ನಿಲ್ಲಿಸದೆ ಮಲಗಿಸಿಯೇ ಇರಿಸಬೇಕು. ಕೈಕಾಲುಗಳು ಮತ್ತೆ ಬೆಚ್ಚಗಾಗುವವರೆಗೆ ವೈದ್ಯರು ಕೆಲವು ಗಂಟೆಗಳಿಗೊಮ್ಮೆ ಅದನ್ನು ಮುಂದುವರಿಸುತ್ತಾರೆ.