ಹೈಫಾ ‘ಕೊನೆಯ ದಾಳಿ’ ಅಲ್ಲ: ಸೇನಾ ಇತಿಹಾಸದ ಕ್ವಿಜ್ ಬಗ್ಗೆ ಓದುಗರ ಪ್ರಶ್ನೆಗಳು

ಸೆಪ್ಟೆಂಬರ್ ಬಂತೆಂದರೆ, ಈಗ ಇಸ್ರೇಲಿನಲ್ಲಿರುವ ಹೈಫಾ ಬಂದರಿನ ಮೇಲೆ 1918ರಲ್ಲಿ ನಡೆದ ಅಶ್ವದಳ ದಾಳಿಯ ಬಗ್ಗೆ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಈ ಸಲ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಶಾಲೆಯ ಕ್ವಿಜ್‌ನಲ್ಲಿ ‘ಜಗತ್ತಿನ ಕೊನೆಯ ಅಶ್ವದಳ ದಾಳಿ ಎಲ್ಲಿ ನಡೆಯಿತು?’ ಎಂದು ಕೇಳಿದ್ದೆ. ‘ಹೈಫಾ, 1918, ಮೈಸೂರು ಲ್ಯಾನ್ಸರ್ಸ್’ ಎಂದು ಉತ್ತರ ಕೊಟ್ಟೆ. ಒಬ್ಬ ಮಗುವಿನ ತಂದೆ ಇದು ತಪ್ಪು ಎಂದರು. ನಾನು ನೋಡಿದ ಕಡೆಯೆಲ್ಲ ಹೀಗೇ ಇದೆ. ಯಾರು ಸರಿ? (ಶಿಕ್ಷಕಿ, ಹಾಸನ)

ಆ ತಂದೆ ಸರಿ. ನಿಮ್ಮ ಪ್ರಶ್ನೆಯೂ ತಪ್ಪು, ಉತ್ತರದಲ್ಲೂ ಅರ್ಧ ತಪ್ಪಿದೆ. ಬೈಯುತ್ತಿಲ್ಲ. ನೋಡಿದ ಕಡೆಯೆಲ್ಲ ಹೀಗೇ ಇರುವುದಕ್ಕೆ ಕಾರಣ, ಒಬ್ಬರು ಬರೆದಿದ್ದನ್ನು ಇನ್ನೊಬ್ಬರು ನೋಡಿ ಬರೆಯುತ್ತಾ ಹೋಗಿದ್ದು. ಒಂದೇ ಫಾರ್ವರ್ಡ್ ಹತ್ತು ಕಡೆ ಕಂಡರೆ ಅದು ಹತ್ತು ಆಧಾರ ಆಗುವುದಿಲ್ಲ, ಅಲ್ವಾ?

ಮೊದಲು ‘ಕೊನೆಯ’ ಎನ್ನುವುದನ್ನು ನೋಡೋಣ. ಎರಡನೇ ಮಹಾಯುದ್ಧದ ಮೊದಲ ದಿನ, 1939ರ ಸೆಪ್ಟೆಂಬರ್ 1ರಂದು, ಪೋಲೆಂಡಿನ ಕ್ರೊಯಾಂಟಿ ಬಳಿ ಪೋಲಿಷ್ ಅಶ್ವದಳ ಜರ್ಮನ್ ಕಾಲಾಳುಗಳ ಮೇಲೆ ನುಗ್ಗಿತು. 1942ರ ಮಾರ್ಚ್‌ನಲ್ಲಿ ಬರ್ಮಾದ ಟೌಂಗೂ ಹತ್ತಿರ ಬ್ರಿಟಿಷ್ ಪಡೆಯ ಕ್ಯಾಪ್ಟನ್ ಸ್ಯಾಂಡ್‌ಮನ್ ಅವರ ತುಕಡಿ ಜಪಾನೀಯರ ಮೇಲೆ ಕುದುರೆ ಓಡಿಸಿತು. ಅದೇ ವರ್ಷ ಆಗಸ್ಟ್ 24ರಂದು ರಷ್ಯಾದ ಇಜ್‌ಬುಶೆನ್ಸ್ಕಿ ಬಳಿ ಇಟಲಿಯ ಸವೋಯಾ ಅಶ್ವದಳ ಸೋವಿಯತ್ ಸೈನಿಕರ ಮೇಲೆ ದಾಳಿ ಮಾಡಿತು. ಈ ಮೂರೂ ಹೈಫಾ ಆಗಿ ಇಪ್ಪತ್ತು ವರ್ಷ ಕಳೆದ ಮೇಲಿನವು. ಹಾಗಾದರೆ ಇವುಗಳಲ್ಲಿ ಯಾವುದು ಕೊನೆಯದು ಎಂದು ಕೇಳುತ್ತೀರಿ. ಅದನ್ನೂ ಕ್ವಿಜ್‌ನಲ್ಲಿ ಕೇಳಬೇಡಿ. ಯಾವುದನ್ನು ದಾಳಿ ಎನ್ನಬೇಕು, ಎಷ್ಟು ದೊಡ್ಡದಿರಬೇಕು ಎಂಬುದರ ಮೇಲೇ ಅಲ್ಲಿ ಜಗಳ ಶುರುವಾಗುತ್ತದೆ.

ಇನ್ನು ಹೈಫಾ. ಇಲ್ಲಿ ನಡೆದಿದ್ದನ್ನು ಸರಿಯಾಗಿ ತಿಳಿದುಕೊಂಡರೆ ‘ಕೊನೆಯ’ ಎಂಬ ಬಾಲ ಬೇಕಾಗುವುದೇ ಇಲ್ಲ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ. ಇಷ್ಟು ಒಳ್ಳೆಯ ಕತೆ ಕೈಯಲ್ಲಿದೆ, ಜನ ಸುಮ್ನೆ ಒಂದು ಸುಳ್ಳು ದಾಖಲೆ ಅಂಟಿಸಿ ಮುಗಿಸಿಬಿಡುತ್ತಾರೆ.

ಮೊದಲನೇ ಮಹಾಯುದ್ಧದಲ್ಲಿ, ಪ್ಯಾಲೆಸ್ತೀನಿನಲ್ಲಿ ತುರ್ಕರ ಮೇಲೆ ಬ್ರಿಟಿಷ್ ಜನರಲ್ ಅಲೆನ್‌ಬಿಯ ದೊಡ್ಡ ದಾಳಿ ಶುರುವಾಗಿದ್ದು 1918ರ ಸೆಪ್ಟೆಂಬರ್ 19ಕ್ಕೆ. ತುರ್ಕರ ಸಾಲು ಮುರಿಯಿತು. ಸರಕು ಇಳಿಸಲು ಬಂದರು ಬೇಕಿತ್ತು, ಹಾಗಾಗಿ ಹೈಫಾ. 22ರಂದು ಶಸ್ತ್ರಸಜ್ಜಿತ ಕಾರುಗಳು ಊರೊಳಗೆ ಹೋಗಲು ನೋಡಿ, ಗುಂಡಿನ ಮಳೆಗೆ ವಾಪಸ್ ಬಂದವು. ಮಾರನೇ ದಿನ ಬಂದಿದ್ದು 15ನೇ ಇಂಪೀರಿಯಲ್ ಸರ್ವಿಸ್ ಅಶ್ವದಳ ಬ್ರಿಗೇಡ್. ಇದು ನಮ್ಮ ಸಂಸ್ಥಾನಗಳ ಕುದುರೆ ಪಡೆ; ಲ್ಯಾನ್ಸರ್ಸ್ ಎಂದರೆ ಈಟಿ ಹಿಡಿದ ಸವಾರರು.

ಒಂದು ಕಾಗದ ತೆಗೆದುಕೊಂಡು ನಕ್ಷೆ ಬರೆಯಿರಿ. ಎಡಗಡೆ ಕಾರ್ಮೆಲ್ ಬೆಟ್ಟ. ಬಲಗಡೆ ಕಿಶೋನ್ ಹೊಳೆ, ಅದರ ದಂಡೆಯೆಲ್ಲ ಕಾಲು ಹೂತುಹೋಗುವ ಉಸುಕು. ಎರಡರ ನಡುವೆ ಊರಿಗೆ ಹೋಗುವ ರಸ್ತೆ. ಬೆಟ್ಟದ ಮೇಲೆ ಫಿರಂಗಿಗಳು, ರಸ್ತೆಗೆ ಗುರಿಯಿಟ್ಟ ಮಷಿನ್‌ಗನ್‌ಗಳು. ಬೆಟ್ಟದ ಮೇಲಿನ ಫಿರಂಗಿಗಳನ್ನು ಹಿಡಿಯಲು ಹೋದವರು ಮೈಸೂರು ಲ್ಯಾನ್ಸರ್ಸ್. ಕಡಿದಾದ ಕಾಲುದಾರಿ, ಕುದುರೆಗಳಿಗೆ ಹತ್ತುವುದೇ ಕಷ್ಟ. ಶೆರ್‌ವುಡ್ ರೇಂಜರ್ಸ್ ಎಂಬ ಇಂಗ್ಲಿಷ್ ತುಕಡಿಯೂ ಅವರ ಜೊತೆಗೂಡಿತು. ಕೆಳಗೆ, ಮಧ್ಯಾಹ್ನ ಎರಡು ಗಂಟೆಗೆ, ಜೋಧ್‌ಪುರ ಲ್ಯಾನ್ಸರ್ಸ್ ಮುಖ್ಯ ದಾಳಿ ಮಾಡಿದರು. ಮೊದಲು ಹೊಳೆ ಕಡೆ ಹೋದರು, ದಾಟಲು ಆಗಲಿಲ್ಲ. ಗುಂಡು ಬೀಳುತ್ತಿರುವಾಗಲೇ ಎಡಕ್ಕೆ ತಿರುಗಿ ಬೆಟ್ಟದ ಬುಡದ ಮಷಿನ್‌ಗನ್‌ಗಳನ್ನು ಹಿಡಿದು ನೇರ ಊರೊಳಗೆ ನುಗ್ಗಿದರು. ಅವರ ಮೇಜರ್ ದಲಪತ್ ಸಿಂಗ್ ಇದರಲ್ಲಿ ಪ್ರಾಣ ಕೊಟ್ಟರು. ಸುಮಾರು 60 ಕುದುರೆ ಸತ್ತವು. 1,300ಕ್ಕೂ ಹೆಚ್ಚು ಶತ್ರು ಸೈನಿಕರು ಸೆರೆಯಾದರು, 17 ಫಿರಂಗಿ ಸಿಕ್ಕವು.

ಈಗ ನಿಮ್ಮ ಉತ್ತರದ ಅರ್ಧ ತಪ್ಪು ಎಲ್ಲಿದೆ ಎಂದು ಗೊತ್ತಾಯಿತಲ್ಲ? ಊರಿಗೆ ನುಗ್ಗಿದ ದಾಳಿಯಲ್ಲಿ ಮುಂದಿದ್ದವರು ಜೋಧ್‌ಪುರದವರು. ಮೈಸೂರಿನವರದು ಬೆಟ್ಟದ ಕೆಲಸ. ಅದು ಕಡಿಮೆ ಏನಲ್ಲ: ಮೇಲಿನ ಫಿರಂಗಿಗಳ ಬಾಯಿ ಮುಚ್ಚಿಸದಿದ್ದರೆ ಕೆಳಗಿನವರ ಗತಿ ಬೇರೆಯಾಗುತ್ತಿತ್ತು. ನಮ್ಮವರು ಮಾಡಿದ್ದನ್ನು ಹೇಳಿ, ಬೇರೆಯವರು ಮಾಡಿದ್ದನ್ನು ಕಿತ್ತುಕೊಳ್ಳಬೇಡಿ.

‘ಬರೀ ಈಟಿ, ಕತ್ತಿಯಿಂದ ಗೆದ್ದರು’ ಎನ್ನುವುದೂ ಪೂರ್ತಿ ನಿಜವಲ್ಲ. ಬ್ರಿಟಿಷ್ ಫಿರಂಗಿ ದಳವೊಂದು ಹಿಂದಿನಿಂದ ಗುಂಡು ಹಾರಿಸುತ್ತಿತ್ತು, ಬ್ರಿಗೇಡಿನ ಹತ್ತಿರ ಮಷಿನ್‌ಗನ್‌ಗಳೂ ಇದ್ದವು. ಇದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಆ ಸವಾರರ ಶೌರ್ಯ ಇದರಿಂದ ಒಂದು ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಆ ಇಡೀ ಅಭಿಯಾನದಲ್ಲಿ, ಇಷ್ಟೇ ಪ್ರಮಾಣದ ಅಶ್ವದಳ ಕಾರ್ಯಾಚರಣೆಗಳಲ್ಲಿ, ಇದಕ್ಕಿಂತ ಗಮನಾರ್ಹವಾದದ್ದು ಇನ್ನೊಂದಿಲ್ಲ ಎಂದು ಬ್ರಿಟಿಷರ ಅಧಿಕೃತ ಇತಿಹಾಸವೇ ಒಪ್ಪಿಕೊಂಡಿದೆ. ಹೊಗಳಲು ಅಷ್ಟು ಸಾಲದೇ?

ಮಕ್ಕಳಿಗೆ ಏನು ಕೇಳಬೇಕು ಎಂದರೆ, ಇಂಥದ್ದನ್ನು ಕೇಳಿ: ‘ಈ ಬ್ರಿಗೇಡಿನ ನೆನಪಿಗೆ ದೆಹಲಿಯ ತೀನ್ ಮೂರ್ತಿ ಚೌಕದಲ್ಲಿರುವ ಮೂರು ಪ್ರತಿಮೆಗಳು ಯಾವ ಮೂರು ಸಂಸ್ಥಾನಗಳವು?’ ಜೋಧ್‌ಪುರ, ಹೈದರಾಬಾದ್, ಮೈಸೂರು. ಮುಂದಿನ ಪ್ರಶ್ನೆ: ‘ಇವರಲ್ಲಿ ಹೈಫಾ ದಾಳಿಯಲ್ಲಿ ಇರದವರು ಯಾರು?’ ಹೈದರಾಬಾದಿನವರು. ಅವರನ್ನು ಸೆರೆಯಾಳುಗಳನ್ನು ಕಾಯುವ ಕೆಲಸಕ್ಕೆ ಬಿಟ್ಟಿದ್ದರು. ಎರಡನೇ ಪ್ರಶ್ನೆಗೆ ಉತ್ತರ ಹೇಳುವ ಮಗು ನಿಜವಾಗಿ ಓದಿದೆ ಎಂದರ್ಥ. 2018ರಲ್ಲಿ ಆ ಚೌಕಕ್ಕೆ ಹೈಫಾ ಹೆಸರು ಸೇರಿದ್ದು, ಈ ಅಶ್ವದಳಗಳ ಪರಂಪರೆ ಈಗ ಭಾರತೀಯ ಸೇನೆಯ 61ನೇ ಕ್ಯಾವಲ್ರಿಯಲ್ಲಿ ಮುಂದುವರಿದಿರುವುದು, ಇವೆಲ್ಲ ಒಳ್ಳೆಯ ಪ್ರಶ್ನೆಗಳೇ. ಮಕ್ಕಳನ್ನು ಬೆಂಗಳೂರಿಗೆ ಕರೆತಂದರೆ ಜೆ.ಸಿ. ನಗರದ ಹತ್ತಿರ ಇರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ತೋರಿಸಿ.

ನಾನು ಪಾಲಿಸುವ ಕಟ್ಟುನಿಟ್ಟು ಒಂದಿದೆ, ಅತಿ ಎನಿಸಿದರೂ ಪರವಾಗಿಲ್ಲ. ‘ಮೊದಲ’, ‘ಕೊನೆಯ’, ‘ಅತಿ ದೊಡ್ಡ’ ಎಂದು ಶುರುವಾಗುವ ಪ್ರಶ್ನೆಯನ್ನು, ಒಂದನ್ನೊಂದು ನೋಡಿ ಬರೆಯದ ಎರಡು ಆಧಾರ ಸಿಗುವ ತನಕ ಮುಟ್ಟುವುದಿಲ್ಲ. ಸತ್ತವರ ಸಂಖ್ಯೆಯನ್ನು ಯಾವತ್ತೂ ಉತ್ತರವಾಗಿ ಕೇಳುವುದಿಲ್ಲ. ಗೆದ್ದವರ ಲೆಕ್ಕ ಬೇರೆ, ಸೋತವರ ಲೆಕ್ಕ ಬೇರೆ ಇರುತ್ತದೆ. ಅದರ ಮೇಲೆ ಮಗುವಿನ ಅಂಕ ಕಡಿಯುವುದು ಅನ್ಯಾಯ.

ರಾಕೆಟ್ ಕಂಡುಹಿಡಿದಿದ್ದು ಟಿಪ್ಪು ಸುಲ್ತಾನ್ ತಾನೇ?

ಅಲ್ಲ. ಚೀನಾದಲ್ಲಿ ಅದಕ್ಕಿಂತ ನೂರಾರು ವರ್ಷ ಮೊದಲೇ ಇತ್ತು. ಹೈದರ್ ಮತ್ತು ಟಿಪ್ಪು ಕಾಲದ ಮೈಸೂರಿನ ಸಾಧನೆ ಕಬ್ಬಿಣದ ಕೊಳವೆ. ಅದರಿಂದ ರಾಕೆಟ್ ಇನ್ನೂ ದೂರ ಹೋಗುವಂತಾಯಿತು. 1799ರ ನಂತರ ಅವನ್ನು ಇಂಗ್ಲೆಂಡಿಗೆ ಒಯ್ದರು, ಅವುಗಳಿಂದ ಕಲಿತು ಕಾಂಗ್ರೀವ್ ಎಂಬ ಇಂಗ್ಲಿಷಿನವ ತನ್ನ ರಾಕೆಟ್ ಮಾಡಿದ. 2018ರಲ್ಲಿ ಹೊಸನಗರ ತಾಲ್ಲೂಕಿನ ಬಿದನೂರಿನ ಹಾಳು ಬಾವಿಯಲ್ಲಿ ಸಾವಿರ ಹತ್ತಿರ ರಾಕೆಟ್ ಸಿಕ್ಕಿದ್ದು ನೆನಪಿದೆಯಾ? ಅದರ ಬಗ್ಗೆ ಯಾರೂ ಪ್ರಶ್ನೆ ಕೇಳುವುದಿಲ್ಲ!

ಭಾರತದ ಮೊದಲ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಎಂದಿದ್ದಕ್ಕೆ ಅಂಕ ಕಳೆದರು.

ಸರಿಯಾಗೇ ಕಳೆದಿದ್ದಾರೆ. ಮೊದಲನೆಯವರು ಮಾಣೆಕ್‌ಶಾ, 1973. ಕಾರ್ಯಪ್ಪನವರಿಗೆ ಸಿಕ್ಕಿದ್ದು 1986ರಲ್ಲಿ. ಅವರು ಮೊದಲಿಗರಾಗಿದ್ದು ಭಾರತೀಯ ಮಹಾದಂಡನಾಯಕರಾಗಿ, 1949ರ ಜನವರಿ 15ರಂದು.

ಒನಕೆ ಓಬವ್ವ ಎಷ್ಟು ಜನರನ್ನು ಕೊಂದಳು?

ಯಾರೂ ಎಣಿಸಿ ಬರೆದಿಟ್ಟಿಲ್ಲ. ಸಂಖ್ಯೆ ಹೇಳುವವರನ್ನು ನಂಬಬೇಡಿ.

ತಾಳಿಕೋಟೆ ಯುದ್ಧ ತಾಳಿಕೋಟೆಯಲ್ಲಿ ನಡೆದಿಲ್ಲವಂತೆ?

ಊರಲ್ಲೇ ನಡೆದಿಲ್ಲ, ನಿಜ. 1565ರ ಜನವರಿಯ ಆ ಯುದ್ಧಕ್ಕೆ ರಕ್ಕಸಗಿ–ತಂಗಡಗಿ ಎಂಬ ಹೆಸರೂ ಇದೆ. ಸರಿಯಾದ ಜಾಗದ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ, ಹಾಗಾಗಿ ಇದನ್ನೂ ಬಹು ಆಯ್ಕೆ ಪ್ರಶ್ನೆ ಮಾಡಬೇಡಿ.

ಕರ್ನಾಟಕದವರಿಗೆ ಪರಮವೀರ ಚಕ್ರ ಸಿಕ್ಕಿಲ್ಲ ಎಂದು ಸ್ನೇಹಿತ ಬಾಜಿ ಕಟ್ಟಿದ್ದಾನೆ.

ಬಾಜಿ ನಿಮ್ಮದೇ. ರಾಮ ರಾಘೋಬ ರಾಣೆ, ಹುಟ್ಟಿದ್ದು ಕಾರವಾರದ ಹತ್ತಿರದ ಚೆಂಡಿಯಾದಲ್ಲಿ. 1948ರ ಏಪ್ರಿಲ್‌ನಲ್ಲಿ ನೌಶೇರಾ–ರಜೌರಿ ದಾರಿಯಲ್ಲಿ, ಗಾಯವಾಗಿದ್ದರೂ, ಗುಂಡಿನ ನಡುವೆ ಮೈನ್ ತೆಗೆದು ಟ್ಯಾಂಕ್‌ಗಳಿಗೆ ದಾರಿ ಮಾಡಿಕೊಟ್ಟವರು. ಆಗ ಕಾರವಾರ ಬಾಂಬೆ ಪ್ರಾಂತ್ಯದಲ್ಲಿತ್ತು, ಅವರಿದ್ದದ್ದು ಬಾಂಬೆ ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರ್‌ಗಳ ದಳದಲ್ಲಿ. ಅದಕ್ಕೇ ನಮ್ಮವರಿಗೆ ಮರೆತುಹೋಗುತ್ತದೆ.

ಸಾವಿರಾರು ಒನ್‌ಲೈನರ್ ಬಾಯಿಪಾಠ ಮಾಡಿಸಿ, ತಿಂಗಳಲ್ಲಿ ಸೇನಾ ಇತಿಹಾಸದ ಚಾಂಪಿಯನ್ ಮಾಡುತ್ತೇವೆ ಎನ್ನುವ ಕೋರ್ಸಿಗೆ ಮಗನನ್ನು ಸೇರಿಸಿದ್ದೇನೆ. ಜೊತೆಗೆ ನೆನಪಿನ ಶಕ್ತಿಯ ಪುಡಿಯನ್ನೂ ಕೊಡುತ್ತಾರೆ. ಉಪಯೋಗ ಆಗುತ್ತಾ?

ಪುಡಿಯನ್ನು ಇವತ್ತೇ ನಿಲ್ಲಿಸಿ. ಅದರಲ್ಲಿ ಏನಿದೆ ಎಂದು ಗೊತ್ತಿಲ್ಲದೆ ಮಗುವಿಗೆ ಹೇಗೆ ಕೊಟ್ಟಿರಿ? ಆ ಒನ್‌ಲೈನರ್ ಪಟ್ಟಿಯಲ್ಲಿ ಹೈಫಾ ಹುಡುಕಿ. ‘ಜಗತ್ತಿನ ಕೊನೆಯ ಅಶ್ವದಳ ದಾಳಿ’ ಎಂದು ಬರೆದಿದ್ದರೆ ಫೀಸು ವಾಪಸ್ ಕೇಳಿ.