ಕೆಲಸ ಬೇಗ ಮುಗಿಯಿತು, ತಲೆಗೆ ಹತ್ತಲಿಲ್ಲ

ಗ್ರಹಿಕೆ ಮತ್ತು ನೆನಪುಗಳನ್ನು ಅಧ್ಯಯನ ಮಾಡುವವಳಾದ ನನಗೆ ಬರುವ ಪತ್ರಗಳಲ್ಲಿ ಬಹುಪಾಲು ಒಂದೇ ದೂರನ್ನು ಬೇರೆ ಬೇರೆ ಮಾತುಗಳಲ್ಲಿ ಹೇಳುತ್ತವೆ. ಆದ್ದರಿಂದ ಈ ಬಾರಿ ಒಂದು ಪತ್ರಕ್ಕೆ ವಿವರವಾಗಿ ಉತ್ತರಿಸಿ, ಉಳಿದವನ್ನು ಬೇಗ ಮುಗಿಸುತ್ತೇನೆ.

ಪ್ರಶ್ನೆ: ಕಚೇರಿಯ ವರದಿಗಳನ್ನು ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ನಿಂದ ಬರೆಸುತ್ತೇನೆ. ಅರ್ಧ ದಿನದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಆದರೆ ವಾರದ ನಂತರ ಸಭೆಯಲ್ಲಿ ಯಾರಾದರೂ ಅದೇ ವರದಿಯ ಬಗ್ಗೆ ಕೇಳಿದರೆ ಬಾಯಿ ಕಟ್ಟಿಹೋಗುತ್ತದೆ. ಮನೆಯವರ ಫೋನ್ ನಂಬರುಗಳೂ ನೆನಪಿಲ್ಲ. ನೆನಪಿನ ಶಕ್ತಿ ಕುಂದುತ್ತಿದೆಯೇ? ಟಾನಿಕ್ ಏನಾದರೂ ಇದೆಯೇ?

ಉತ್ತರ: ಕಪಾಟಿನಲ್ಲಿ ನೀವು ಇಡದೇ ಇದ್ದ ವಸ್ತುವನ್ನು ಹುಡುಕಿ, ಸಿಗದಿದ್ದಾಗ ಕಪಾಟಿಗೆ ಗೆದ್ದಲು ಹಿಡಿದಿದೆ ಎಂದು ದೂರುತ್ತಿದ್ದೀರಿ. 2011ರಲ್ಲಿ ಅಮೆರಿಕದ ಮನೋವಿಜ್ಞಾನಿ ಬೆಟ್ಸಿ ಸ್ಪ್ಯಾರೋ ಮತ್ತು ಸಂಗಡಿಗರು ಕೆಲವರಿಂದ 40 ಸಾಮಾನ್ಯಜ್ಞಾನದ ವಾಕ್ಯಗಳನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿಸಿದರು. ಬರೆದದ್ದು ಉಳಿಯುತ್ತದೆ ಎಂದು ನಂಬಿದವರಿಗಿಂತ, ಅಳಿಸಿಹೋಗುತ್ತದೆ ಎಂದು ನಂಬಿದವರಿಗೆ ಹೆಚ್ಚು ವಾಕ್ಯಗಳು ನೆನಪಿನಲ್ಲಿ ಉಳಿದವು. ನೆನಪಿಟ್ಟುಕೊಳ್ಳಿ ಎಂದು ಮೊದಲೇ ಹೇಳಿದ್ದರಿಂದಲೂ ವ್ಯತ್ಯಾಸವಾಗಲಿಲ್ಲ. ಅದೇ ಅಧ್ಯಯನದ ಇನ್ನೊಂದು ಪ್ರಯೋಗ 2018ರ ಮರುಪರೀಕ್ಷೆಯಲ್ಲಿ ದೃಢಪಡಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಇಂಟರ್ನೆಟ್ ಮಿದುಳನ್ನೇ ತಿಂದುಹಾಕಿತು ಎಂದು ಕೂಗುವವರು ಇಂಥ ವಿವರವನ್ನು ಹೇಳುವುದಿಲ್ಲ.

ಫೋನ್ ನಂಬರುಗಳನ್ನು ಮರೆತದ್ದಕ್ಕೆ ಚಿಂತೆ ಬೇಡ. ತುರ್ತಿಗೆ ಬೇಕಾದ ಎರಡನ್ನು ಬಾಯಿಪಾಠ ಮಾಡಿಕೊಳ್ಳಿ, ಉಳಿದವು ಫೋನಿನಲ್ಲಿಯೇ ಇರಲಿ. ವರದಿಯ ವಿಷಯ ಹಾಗಲ್ಲ. ಓದಿದ ಪದಕ್ಕಿಂತ ತಾನೇ ಹುಟ್ಟಿಸಿಕೊಂಡ ಪದ ಚೆನ್ನಾಗಿ ನೆನಪಿರುತ್ತದೆ ಎಂದು ಮನೋವಿಜ್ಞಾನಿಗಳಾದ ಸ್ಲಾಮೆಕಾ ಮತ್ತು ಗ್ರಾಫ್ 1978ರಲ್ಲಿಯೇ ತೋರಿಸಿದ್ದರು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ನಡೆಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು 5 ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ, ಪುಸ್ತಕ ನೋಡದೆ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು ಅವರನ್ನು ಹಿಂದೆ ಹಾಕಿದರು. ಯಂತ್ರ ಬರೆದುಕೊಟ್ಟ ಸೊಗಸಾದ ವರದಿಯ ಮೇಲೆ ಕಣ್ಣಾಡಿಸಿ, ಎಲ್ಲವೂ ಅರ್ಥವಾಯಿತು ಎಂದುಕೊಳ್ಳುವಾಗ ನೀವಿರುವುದು ಆ 5ನೇ ನಿಮಿಷದಲ್ಲಿ. ಸಭೆ ನಡೆಯುವುದು ವಾರದ ನಂತರ.

ಇನ್ನೊಂದು ತೊಡಕೂ ಇದೆ. ಯಂತ್ರಗಳು ಸುಲಭದ ಕೆಲಸವನ್ನು ತಾವು ವಹಿಸಿಕೊಂಡು, ತಪ್ಪನ್ನು ಗುರುತಿಸುವ ಕಷ್ಟದ ಕೆಲಸವನ್ನು ಮನುಷ್ಯನಿಗೆ ಬಿಡುತ್ತವೆ, ಆದರೆ ಅದಕ್ಕೆ ಬೇಕಾದ ಅಭ್ಯಾಸವನ್ನು ಮಾತ್ರ ಅವನಿಂದ ಕಿತ್ತುಕೊಳ್ಳುತ್ತವೆ ಎಂದು ಮನೋವಿಜ್ಞಾನಿ ಲಿಸಾನ್ ಬೈನ್‌ಬ್ರಿಜ್ 1983ರಲ್ಲಿ ಕಾರ್ಖಾನೆಗಳ ನಿಯಂತ್ರಣ ಕೊಠಡಿಗಳನ್ನು ಗಮನದಲ್ಲಿಟ್ಟುಕೊಂಡು ಬರೆದಿದ್ದರು. ಚಾಟ್‌ಬಾಟ್ ಆತ್ಮವಿಶ್ವಾಸದಿಂದ ತಪ್ಪು ಅಂಕಿಯನ್ನು ಕೊಟ್ಟಾಗ ಅದನ್ನು ಹಿಡಿಯಬೇಕಾದವರು ನೀವೇ. ವರ್ಷಾನುಗಟ್ಟಲೆ ಒಂದು ವರದಿಯನ್ನೂ ಸ್ವತಃ ಕಟ್ಟದವರಿಗೆ ಅದು ಹೇಗೆ ಕಣ್ಣಿಗೆ ಬೀಳಬೇಕು?

ಯಂತ್ರವನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ, ನಾನೂ ಬಳಸುತ್ತೇನೆ. ಆದರೆ ಮೊದಲು ನಿಮ್ಮ ತೀರ್ಮಾನವನ್ನೂ ಅದರ ಕಾರಣಗಳನ್ನೂ ಹತ್ತು ಸಾಲುಗಳಲ್ಲಿ ನೀವೇ ಬರೆಯಿರಿ, ಎಷ್ಟೇ ಒರಟಾಗಿದ್ದರೂ ಸರಿ. ಆಮೇಲೆ ಭಾಷೆ ತಿದ್ದಲು, ಕೋಷ್ಟಕ ಹಾಕಲು, ಬಿಟ್ಟುಹೋದದ್ದನ್ನು ಕೇಳಲು ಯಂತ್ರಕ್ಕೆ ಕೊಡಿ. ಪ್ರತಿಯೊಂದು ಅಂಕಿಯನ್ನೂ ಮೂಲದೊಡನೆ ಹೋಲಿಸಿ ನೋಡಿ. ಮರುದಿನ ಕಡತ ಮುಚ್ಚಿ, ಮುಖ್ಯ ಅಂಶಗಳನ್ನು ಖಾಲಿ ಹಾಳೆಯ ಮೇಲೆ ನೆನಪಿನಿಂದ ಬರೆದುಕೊಳ್ಳಿ. ಅರ್ಧ ಗಂಟೆಯ ಕೆಲಸ ಒಂದೂವರೆ ಗಂಟೆಯಾದೀತು, ಆದರೂ ಅರ್ಧ ದಿನಕ್ಕಿಂತ ಕಡಿಮೆಯೇ.

ಟಾನಿಕ್ ಇಲ್ಲ. ಇದೆ ಎನ್ನುವವರು ಮಾರಾಟಗಾರರು. ಹಾಗೆಂದು, ಪರಿಚಿತ ದಾರಿಯೇ ತಪ್ಪುತ್ತಿದ್ದರೆ ಅಥವಾ ನಿತ್ಯ ಬಳಸುವ ವಸ್ತುಗಳ ಹೆಸರೇ ಬಾಯಿಗೆ ಬಾರದಿದ್ದರೆ ನನಗೆ ಪತ್ರ ಬರೆಯುತ್ತ ಕೂರಬೇಡಿ, ನರರೋಗ ತಜ್ಞರನ್ನು ಕಾಣಿ.

ಪ್ರಶ್ನೆ: ಮನುಷ್ಯನ ಗಮನ ಈಗ 8 ಸೆಕೆಂಡಿಗೆ ಇಳಿದಿದೆ, ಗೋಲ್ಡ್‌ಫಿಷ್‌ಗಿಂತ ಕಡಿಮೆ ಎನ್ನುತ್ತಾರೆ. ನಿಜವೇ?

ಉತ್ತರ: ಇದರ ಹಿಂದೆ ಸಂಶೋಧನೆಯೇ ಇಲ್ಲ, ಮತ್ತು ಈ ಪ್ರಶ್ನೆಯನ್ನು ಬರೆಯಲು ನಿಮಗೆ 8 ಸೆಕೆಂಡಿಗಿಂತ ಹೆಚ್ಚೇ ಹಿಡಿದಿರಬೇಕು.

ಪ್ರಶ್ನೆ: ಮಿದುಳನ್ನು ಚುರುಕುಗೊಳಿಸುವ ಆಟದ ಆ್ಯಪ್‌ಗೆ ಚಂದಾದಾರನಾಗಲೇ?

ಉತ್ತರ: ಆಟದಲ್ಲಿ ಆನಂದವಿದ್ದರೆ ಆಡಿ. ಇಂಥ ಆಟಗಳ ಲುಮಾಸಿಟಿ ಕಂಪನಿಯು ಆಧಾರವಿಲ್ಲದ ಜಾಹೀರಾತುಗಳ ಆರೋಪದ ಮೇಲೆ 2016ರಲ್ಲಿ ಅಮೆರಿಕದ ವ್ಯಾಪಾರ ನಿಯಂತ್ರಣ ಆಯೋಗದೊಂದಿಗೆ ರಾಜಿ ಮಾಡಿಕೊಂಡು 20 ಲಕ್ಷ ಡಾಲರ್ ತೆರಲು ಒಪ್ಪಿತ್ತು. ಆಟ ಆಡಿದರೆ ಮುಖ್ಯವಾಗಿ ಆ ಆಟದಲ್ಲಿ ನುರಿಯುತ್ತೀರಿ.

ಪ್ರಶ್ನೆ: ನಾನು ಏಕಕಾಲಕ್ಕೆ ಮೂರು ಕೆಲಸ ಮಾಡಬಲ್ಲೆ. ಹ್ಯಾಂಡ್ಸ್‌ಫ್ರೀ ಇರುವುದರಿಂದ ವಾಹನ ನಡೆಸುವಾಗಲೂ ಕರೆಗಳನ್ನು ಮುಗಿಸಿಬಿಡುತ್ತೇನೆ. ಇದು ದಕ್ಷತೆಯಲ್ಲವೇ?

ಉತ್ತರ: ಅಲ್ಲ. ನೀವು ಮೂರು ಕೆಲಸಗಳ ನಡುವೆ ಜಿಗಿಯುತ್ತಿದ್ದೀರಿ, ಪ್ರತಿ ಜಿಗಿತಕ್ಕೂ ಸಮಯ ತೆರುತ್ತಿದ್ದೀರಿ. ವಾಹನದಲ್ಲಿ ಕೊರತೆಯಾಗುವುದು ಕೈಗಳದ್ದಲ್ಲ, ಗಮನದ್ದು. ಕೈಯಲ್ಲಿ ಹಿಡಿದ ಫೋನಿನಷ್ಟೇ ಹ್ಯಾಂಡ್ಸ್‌ಫ್ರೀ ಮಾತುಕತೆಯೂ ಚಾಲಕರ ಪ್ರತಿಕ್ರಿಯೆಯನ್ನು ಕೆಡಿಸುತ್ತದೆ ಎಂದು ಸ್ಟ್ರೇಯರ್ ಮತ್ತು ಜಾನ್‌ಸ್ಟನ್ 2001ರಲ್ಲಿ ಪ್ರಯೋಗದಿಂದ ತೋರಿಸಿದ್ದಾರೆ. ನಿಮ್ಮ ಪತ್ರದ ಉಳಿದ ಎರಡು ಪ್ರಶ್ನೆಗಳನ್ನು, ವಾಹನ ನಿಲ್ಲಿಸಿ ಕೂತು ಮತ್ತೊಮ್ಮೆ ಬರೆದು ಕಳುಹಿಸಿ.